ಗಂಟಲು ಕಡ್ಡಿಯ ಕಾಲ

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಸೇರಿದ್ದಕ್ಕೆ ಸಿಹಿ ಕೊಡಲು ಬಂದಿದ್ದಳು. ಮಾತಿಗೆ ಮಾತು ಬಂದು, ನಿಮ್ಮ ಕಾಲದಲ್ಲಿ ಗಂಟಲು ಸವರುವ ಸ್ವಾಬು ಯಾವ ಕಂಪನಿಯದು ಬರುತ್ತಿತ್ತು ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ತಂದ ಮೈಸೂರುಪಾಕು ನೆತ್ತಿಗೆ ಹತ್ತಿತು. ಪಾಪ, ಅವಳಿಗೆ ಗಾಬರಿ. ಕವರು ಹರಿದರೆ ಕೈಗೆ ಬರುವ, ನೆಟ್ಟಗಿನ ಕಡ್ಡಿಯೂ ಉದುರದ ಎಳೆಯೂ ಇರುವ ಆ ವಸ್ತು ನಮ್ಮ ಕಾಲದಲ್ಲಿ ಎಲ್ಲಿಂದಲೂ ಬರುತ್ತಿರಲಿಲ್ಲ. ಅದನ್ನು ನಾವೇ ಹುಟ್ಟಿಸಬೇಕಾಗಿತ್ತು. ಹುಟ್ಟಿಸಿದ ಕಥೆ ಅವಳಿಗೆ ಹೇಳಿದೆ. ಅವಳಂಥ ಇನ್ನಷ್ಟು ಮಕ್ಕಳಿಗೆ ಇರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಚೇನಹಳ್ಳಿ ಕಡೆಯ ರೈತರ ಮಗಳು, ಹೆಸರು ಪದ್ಮಾವತಿ. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಐವತ್ತರ ದಶಕದ ಕೊನೆಯಲ್ಲಿ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸೇರಿದೆ. ಪ್ರಯೋಗಾಲಯ ಎಂದರೆ ಹಿತ್ತಿಲ ಕಡೆಯ ಒಂದು ಕೋಣೆ. ಅದರಲ್ಲಿ ಒಂದು ಸೂಕ್ಷ್ಮದರ್ಶಕ, ಒಂದು ಇನ್‌ಕ್ಯುಬೇಟರ್, ಒಂದು ಸೀಮೆಎಣ್ಣೆ ಸ್ಟೌವ್, ಅದರ ಮೇಲೊಂದು ಹಬೆ ಪಾತ್ರೆ, ಮತ್ತು ಡಾಕ್ಟರ್ ಶೇಷಗಿರಿ. ಅವರು ನನ್ನ ಮೇಲಧಿಕಾರಿ. ಆರಡಿ ಎತ್ತರ, ಗಟ್ಟಿ ದನಿ, ಸಂತೋಷವಾದರೆ ಮೇಜು ಬಡಿಯುವ ಅಭ್ಯಾಸ. ಅವರು ಮೇಜು ಬಡಿಯುವ ಮೊದಲು ಗಾಜಿನ ಕೊಳವೆಗಳನ್ನು ಎತ್ತಿಕೊಳ್ಳುವುದೇ ನಾನು ಅಲ್ಲಿ ಕಲಿತ ಮೊದಲ ವಿದ್ಯೆ.

ನಮ್ಮ ದೊಡ್ಡ ಶತ್ರು ಗಂಟಲುಮಾರಿ. ಡಿಫ್ತೀರಿಯಾ ಎಂದು ಓದಿರುತ್ತೀರಿ, ಈಗ ಚುಚ್ಚುಮದ್ದಿನಿಂದ ಬಹಳ ಕಡಿಮೆಯಾಗಿದೆ. ಆಗ ಮಗುವಿನ ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರೇ ನಿಂತುಹೋಗುತ್ತಿತ್ತು. ಯಾರ ಗಂಟಲಲ್ಲಿ ಅದರ ಕ್ರಿಮಿ ಇದೆ ಎಂದು ತಿಳಿಯಲು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಗಂಟಲು ಸವರಿ, ಅದನ್ನು ಕೊಳವೆಯಲ್ಲಿಟ್ಟು ನಮಗೆ ಕಳಿಸಬೇಕು. ನಾವು ಕುರಿಯ ರಕ್ತದ ತಿಳಿಯನ್ನು ಗಟ್ಟಿಯಾಗಿಸಿ ಮಾಡಿದ ಆಹಾರದ ಮೇಲೆ ಆ ತುದಿಯನ್ನು ಉಜ್ಜಿ, ಬೆಚ್ಚಗಿಟ್ಟು, ಮಾರನೆಯ ದಿನ ಏನು ಬೆಳೆದಿದೆ ಎಂದು ನೋಡಬೇಕು. ಕೇಳಲು ಇಷ್ಟೇ.

ಗೌರಿಬಿದನೂರು ಕಡೆಯಿಂದ ಬರುವ ಕೊಳವೆಗಳಲ್ಲಿ ಮಾತ್ರ ಏನೂ ಬೆಳೆಯುತ್ತಿರಲಿಲ್ಲ. ಅವನ್ನು ಕಳಿಸುತ್ತಿದ್ದವರು ಆ ಕಡೆಯ ಹೆಲ್ತ್ ಇನ್‌ಸ್ಪೆಕ್ಟರ್ ನಾರಾಯಣಪ್ಪ. ಗುಂಡಗಿನ ಮನುಷ್ಯ, ಮನೆಯ ಮಾತು ತೆಲುಗು, ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತುವವರು. ಅವರು ಸರಿಯಾದ ಜಾಗ ಮುಟ್ಟುತ್ತಿಲ್ಲ ಎಂದು ಡಾಕ್ಟರು, ಲ್ಯಾಬಿನ ಹುಡುಗಿಗೆ ಬೆಳೆಸಲು ಬರುವುದಿಲ್ಲ ಎಂದು ನಾರಾಯಣಪ್ಪ, ಎಲ್ಲ ಕೊಳವೆಗಳನ್ನು ತಡವಾಗಿ ತರುವ ಬಸ್ಸಿನ ತಪ್ಪು ಎಂದು ನಾನು. ಹೀಗೆ ನಾವು ಮೂವರೂ ಒಬ್ಬರಿಗೊಬ್ಬರು ಬೊಟ್ಟು ಮಾಡುತ್ತ ಸುಖವಾಗಿದ್ದೆವು.

ಆ ಸುಖ ಒಂದು ಬೆಳಿಗ್ಗೆ ಮುಗಿಯಿತು. ಮಂಚೇನಹಳ್ಳಿ ಹತ್ತಿರದ ಹಳ್ಳಿಯೊಂದರಿಂದ ನಾಲ್ಕು ವರ್ಷದ ಹೆಣ್ಣುಮಗುವನ್ನು ಗಾಡಿಯಲ್ಲಿ ತಂದರು. ಅವಳ ಕೊಳವೆ ಎರಡು ದಿನ ಮೊದಲೇ ಬಂದಿತ್ತು, ಏನೂ ಇಲ್ಲ ಎಂದು ನಾನು ಬರೆದಾಗಿತ್ತು. ಡಾಕ್ಟರು ಬಾಯಿ ತೆರೆಸಿ ನೋಡಿ, ಕೂಡಲೇ ಪ್ರತಿವಿಷದ ಸೂಜಿ ಚುಚ್ಚಿದರು. ಮಗು ಮೂರನೆಯ ದಿನ ಸಂಜೆಯ ಹೊತ್ತಿಗೆ ಗಂಜಿ ಕುಡಿಯಿತು. ಅದಾದ ಮೇಲೆ ಅವರು ನನ್ನ ಕೋಣೆಗೆ ಬಂದು ಮೆಲ್ಲಗೆ ಹೇಳಿದರು: "ನೀನು ಬರೆದಿದ್ದನ್ನ ನಾನು ನಂಬಿದ್ದಿದ್ರೆ ಆ ಮಗು ಇರ್ತಿರ್ಲಿಲ್ಲ. ನಿನ್ನ ತಪ್ಪಲ್ಲ ಕಣಮ್ಮ. ನಮ್ಮ ಕಡ್ಡಿ ಸುಳ್ಳು ಹೇಳ್ತಾ ಇದೆ." ಆ ದಿನ ಅವರು ಮೇಜು ಬಡಿಯಲಿಲ್ಲ.

ಮಾರನೆಯ ದಿನದಿಂದ ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಹೊಸದಾಗಿ ಕಟ್ಟುವುದು ಎಂದು ತೀರ್ಮಾನವಾಯಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ನಕ್ಕ ಕಾಲ ಇನ್ನೊಂದಿಲ್ಲ.

ಮೊದಲು ಕಡ್ಡಿ. ಅದುವರೆಗೆ ನಾವು ಬಳಸುತ್ತಿದ್ದುದು ಪೊರಕೆಯ ತೆಂಗಿನ ಕಡ್ಡಿ. ಅದು ನಾಲಿಗೆ ದಾಟುವಷ್ಟರಲ್ಲಿ ಬಾಗಿ, ಗಂಟಲ ಬದಲು ಕೆನ್ನೆಯ ಒಳಭಾಗ ಸವರಿ ಬರುತ್ತಿತ್ತು. ಬಿದಿರು ಬೇಕು, ತೆಳ್ಳಗಿರಬೇಕು, ದುಂಡಗಿರಬೇಕು, ಸಿಬಿರು ಏಳಬಾರದು. ಚಿಂತಾಮಣಿಯಲ್ಲಿ ಊದುಬತ್ತಿ ಮಾಡಿಸುವ ಸತ್ತಾರ್ ಸಾಹೇಬರಿದ್ದಾರೆ ಎಂದು ಯಾರೋ ಹೇಳಿದರು. ಪುಟ್ಟ ರೈಲು ಹತ್ತಿ ಹೋದೆ. ಆ ರೈಲು ಎಷ್ಟು ನಿಧಾನವೆಂದರೆ ಜನ ಇಳಿದು ಕಡಲೆಕಾಯಿ ಕೊಂಡು ಮತ್ತೆ ಹತ್ತುತ್ತಿದ್ದರು. ಸಾಹೇಬರು ಬಿಳಿ ಗಡ್ಡದ ಸಜ್ಜನರು. ಆಸ್ಪತ್ರೆಗೆ ಎಂದ ಕೂಡಲೇ, ಹಣದ ಮಾತೇ ಬೇಡ, ಕಟ್ಟು ಕಟ್ಟಿ ಕಳಿಸುತ್ತೇನೆ ಎಂದರು.

ಕಟ್ಟು ಬಂತು. ಆಸ್ಪತ್ರೆಯ ಕೆಲಸವೆಂದು ಗೌರವದಿಂದ, ಸಾಹೇಬರು ಕಡ್ಡಿಗಳನ್ನೆಲ್ಲ ಗಂಧದೆಣ್ಣೆಯಲ್ಲಿ ಅದ್ದಿ ಒಣಗಿಸಿ ಕಳಿಸಿದ್ದರು. ನನಗೆ ನೆಗಡಿ, ವಾಸನೆ ತಿಳಿಯಲಿಲ್ಲ. ಶುದ್ಧ ಮಾಡಲು ಹಬೆ ಪಾತ್ರೆಗೆ ಹಾಕಿ ಸ್ಟೌವ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಏನೋ ಗದ್ದಲ. ಬಾಗಿಲು ತೆರೆದರೆ, ರೋಗಿಗಳು ಚಪ್ಪಲಿ ಬಿಟ್ಟು ನಮ್ಮ ಕೋಣೆಯ ಮುಂದೆ ಕೈಮುಗಿದು ನಿಂತಿದ್ದಾರೆ. ಒಬ್ಬ ಅಜ್ಜಿ ಮಂಗಳಾರತಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಡಾಕ್ಟರು ಬಂದು ಮೂಸಿ, ಗೋಡೆ ಹಿಡಿದುಕೊಂಡು ನಕ್ಕರು. ಸಾಹೇಬರಿಗೆ ವಿಷಯ ತಿಳಿಸಿದಾಗ ಅವರೂ ಅಷ್ಟೇ ನಕ್ಕು, ಮುಂದೆ ವರ್ಷಗಟ್ಟಲೆ ನಮಗೆ ಬರಿಯ ಬಿದಿರಿನ ಕಡ್ಡಿ ಒದಗಿಸಿದರು. ಪ್ರತಿ ಕಟ್ಟಿನ ಜೊತೆಗೆ ನಮ್ಮ ಸ್ವಂತಕ್ಕೆಂದು ಬೇರೆಯಾಗಿ ಒಂದಿಷ್ಟು ಊದುಬತ್ತಿಯನ್ನೂ ಇಡುತ್ತಿದ್ದರು.

ಆಮೇಲೆ ತುದಿ. ಬಿದಿರು ನುಣುಪಾದಷ್ಟೂ ಹತ್ತಿ ಜಾರುತ್ತದೆ. ಇದನ್ನು ನಾವು ಕಲಿತದ್ದು ಒಬ್ಬ ಪಟೇಲರ ಗಂಟಲಲ್ಲಿ. ಭಾರಿ ಮೀಸೆಯ ಆ ಹಿರಿಯರು, ಊರ ಜನರಿಗೆ ಧೈರ್ಯ ಬರಲಿ ಎಂದು ತಾವೇ ಮೊದಲು ಬಾಯಿ ತೆರೆದರು. ನಾರಾಯಣಪ್ಪ ಕಡ್ಡಿ ಹಾಕಿ ತೆಗೆದರು. ಕಡ್ಡಿ ಬಂತು, ಹತ್ತಿ ಬರಲಿಲ್ಲ. ಪಟೇಲರು ಒಮ್ಮೆ ಗುಟುಕರಿಸಿದರು. ಇಡೀ ಊರು ನೋಡುತ್ತಿತ್ತು.

"ಏನಪ್ಪಾ ನಾರಾಯಣಪ್ಪ," ಎಂದರು ಪಟೇಲರು ಗಂಭೀರವಾಗಿ, "ನಾನೀಗ ಹತ್ತಿ ತಿಂದ್ನಾ?"

"ಸ್ವಲ್ಪೇ ಸ್ವಾಮಿ," ಎಂದರಂತೆ ನಾರಾಯಣಪ್ಪ. "ಶುದ್ಧ ಹತ್ತಿ. ಹಬೇಲಿ ಬೇಯಿಸಿದ್ದು."

ಬೇಯಿಸಿದ್ದು ಎಂದ ಮೇಲೆ ಪಟೇಲರು ಒಪ್ಪಿಕೊಂಡರು. ಆದರೆ ಆ ಊರಿನಲ್ಲಿ ಆ ದಿನ ಇನ್ನೊಬ್ಬರು ಬಾಯಿ ತೆರೆಯಲಿಲ್ಲ.

ಹತ್ತಿಗೆ ಬದಲು ಬೇರೇನಾದರೂ ಎಳೆ ಹುಡುಕಲು ನಾನು ಶಿಡ್ಲಘಟ್ಟಕ್ಕೆ ಹೋದೆ. ಅಲ್ಲಿ ರೇಷ್ಮೆ ಬಿಚ್ಚುವವರ ಮನೆಗಳ ಹತ್ತಿರ ಗೂಡಿನ ಸಿಕ್ಕುನೂಲು ಬೇಕಾದಷ್ಟು ಸಿಗುತ್ತದೆ. ಒಂದು ಚೀಲ ಹೊತ್ತು ತಂದೆ. ಅದರಲ್ಲಿದ್ದ ಹುಳುಗಳ ವಾಸನೆಗೆ ರೈಲಿನಲ್ಲಿ ನನ್ನ ಬೆಂಚು ಪೂರ್ತಿ ಖಾಲಿಯಾಯಿತು. ಅದು ರೈಲಿನಲ್ಲಿ ನನಗೆ ಕಾಲು ಚಾಚಲು ಸಿಕ್ಕ ಮೊದಲ ಸಲ. ಲ್ಯಾಬಿನಲ್ಲಿ ಮಾತ್ರ ಅದರಿಂದ ಪ್ರಯೋಜನವಾಗಲಿಲ್ಲ. ರೇಷ್ಮೆಯ ಉಂಡೆ ಹತ್ತಿಯಷ್ಟು ಒದ್ದೆ ಹೀರದು, ಕಡ್ಡಿಯ ಮೇಲೆ ಇನ್ನೂ ಜಾರುತ್ತದೆ. ಬೇಸರದಿಂದ ಒಂದು ಕಡ್ಡಿಗೆ ಹತ್ತಿಯನ್ನೇ ಸುತ್ತಿ, ಬುಡಕ್ಕೆ ಒಂದೆಳೆ ಹಸಿ ರೇಷ್ಮೆ ಬಿಗಿದು, ಹಬೆಗೆ ಹಾಕಿದೆ. ತೆಗೆದು ಆರಿದ ಮೇಲೆ ಎಳೆದರೆ ಹತ್ತಿ ಅಲುಗಲಿಲ್ಲ. ಇನ್ನೂ ಎಳೆದೆ. ಇಕ್ಕಳ ಹಾಕಿ ಎಳೆದೆ. ಹಸಿ ರೇಷ್ಮೆಯಲ್ಲಿ ಒಂದು ಬಗೆಯ ಅಂಟು ಇರುತ್ತದೆ. ಅದು ಹಬೆಗೆ ಮೆತ್ತಗಾಗಿ, ಆರಿದಾಗ ಗಟ್ಟಿಯಾಗಿ ಹತ್ತಿಯನ್ನು ಬಿದಿರಿಗೆ ಕಚ್ಚಿಸಿಬಿಟ್ಟಿತ್ತು. ನಾನು ಕಡ್ಡಿ ಹಿಡಿದುಕೊಂಡು ಅಂಗಳಕ್ಕೆ ಓಡಿದೆ. ಡಾಕ್ಟರು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದರು. ಬರಲಿಲ್ಲ. ಮೇಜು ಹತ್ತಿರವಿಲ್ಲದ್ದರಿಂದ ಅವರು ನೀರಿನ ತೊಟ್ಟಿ ಬಡಿದರು. ನಮ್ಮ ಕಡೆಯ ಆಗಿನ ರೇಷ್ಮೆ ಹೊನ್ನಿನ ಬಣ್ಣದ್ದು. ಪ್ರತಿ ಕಡ್ಡಿಯ ಕುತ್ತಿಗೆಗೂ ಜರಿಯ ಅಂಚಿನ ಹಾಗೆ ಒಂದು ಸುತ್ತು ಬಂತು.

ಕಡೆಯದು, ಎಲ್ಲಕ್ಕಿಂತ ಕಷ್ಟದ್ದು, ಕ್ರಿಮಿಯನ್ನು ಬದುಕಿಸಿಡುವುದು. ಹತ್ತಿಯಲ್ಲೇ ಇರುವ ಜಿಡ್ಡು ಕೆಲವು ಕ್ರಿಮಿಗಳನ್ನು ಕೊಲ್ಲುತ್ತದೆ, ಒಣಗಿದರಂತೂ ಮುಗಿಯಿತು ಎಂದು ಡಾಕ್ಟರು ಎಲ್ಲೋ ಓದಿದ್ದರು. ಹಾಗಾಗಿ ಹತ್ತಿಯ ತುದಿಯನ್ನು ಕುರಿಯ ರಕ್ತದ ತಿಳಿಯಲ್ಲಿ ಅದ್ದಿ ಒಣಗಿಸಿದೆವು. ಅದು ಹತ್ತಿಗೂ ಕ್ರಿಮಿಗೂ ನಡುವೆ ಪರದೆಯಂತೆ. ಜೊತೆಗೆ, ಕ್ರಿಮಿಯ ಆಹಾರವನ್ನು ನಾವು ಲ್ಯಾಬಿನಲ್ಲಿ ಇಟ್ಟುಕೊಂಡು ಕಾಯುವ ಬದಲು ಅದೇ ಕೊಳವೆಯೊಳಗೆ ತುಂಬಿ ಕಳಿಸಿದೆವು. ಗಂಟಲು ಸವರಿ ಅಲ್ಲೇ ಆಹಾರದ ಮೇಲೆ ಉಜ್ಜಿಬಿಟ್ಟರೆ, ಬಸ್ಸು ಬರುವಷ್ಟರಲ್ಲಿ ಕ್ರಿಮಿ ಊಟ ಶುರು ಮಾಡಿರುತ್ತದೆ. ಬೆಚ್ಚಗಿಡಲು ಏನು ದಾರಿ ಎಂಬ ಪ್ರಶ್ನೆಗೆ ನಾರಾಯಣಪ್ಪ ತಮ್ಮ ಹೊಟ್ಟೆ ತಟ್ಟಿ ತೋರಿಸಿದರು. ತಗಡಿನ ಡಬ್ಬಿಯಲ್ಲಿ ಕೊಳವೆಗಳನ್ನು ಭದ್ರವಾಗಿ ಜೋಡಿಸಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುವ ಹೊಣೆ ಅವರದಾಯಿತು. ಈಗಿನ ಮಕ್ಕಳಾದ ನೀವು ಇದನ್ನು ಓದಿ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತೀರಿ. ಇಟ್ಟುಕೊಳ್ಳಿ. ಇದನ್ನು ನೀವು ಮಾಡಬೇಡಿ.

ಹಳ್ಳಿಗೆ ಕಳಿಸುವ ಮೊದಲು ಹಳೆಯ ಕಡ್ಡಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಪರೀಕ್ಷೆ ಮಾಡಬೇಕಿತ್ತು. ವಾರ್ಡಿನಲ್ಲಿ ಗಂಟಲುಮಾರಿಯ ಇಬ್ಬರು ಮಕ್ಕಳಿದ್ದರು. ಅವರ ಗಂಟಲಿನಿಂದ ಎರಡು ಬಗೆಯಲ್ಲೂ ತೆಗೆದೆವು. ಹೋಲಿಕೆಗೆ ಆರೋಗ್ಯವಂತರ ಗಂಟಲೂ ಬೇಕಲ್ಲ ಎಂದು ಡಾಕ್ಟರು, ನಾನು, ನರ್ಸುಗಳು, ಅಡುಗೆಯವರು, ತೋಟದ ಮಾಲಿ ಎಲ್ಲರೂ ಬಾಯಿ ತೆರೆದೆವು. ಡಾಕ್ಟರಿಗೆ ಕಡ್ಡಿ ನಾಲಿಗೆಗೆ ತಾಗುವ ಮೊದಲೇ ಓಕರಿಕೆ. ಕಣ್ಣೀರು ಸುರಿಸುತ್ತ, ನನ್ನನ್ನು ಬಿಟ್ಟು ಮುಂದೆ ಹೋಗಿ ಎಂದು ಕೈಸನ್ನೆ ಮಾಡಿದರು. ನಾವು ಬಿಡಲಿಲ್ಲ. ಹಳ್ಳಿಯಿಂದ ಬರುವ ದಾರಿಯ ಪರೀಕ್ಷೆಯೂ ಆಗಲಿ ಎಂದು, ಎಲ್ಲ ಕೊಳವೆಗಳನ್ನೂ ನಾರಾಯಣಪ್ಪ ಹೊಟ್ಟೆಗೆ ಕಟ್ಟಿಕೊಂಡು ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದರು. ಕಂಡಕ್ಟರು ಡಬ್ಬಿಯಲ್ಲಿ ಏನು ಎಂದು ಕೇಳಿದ್ದಕ್ಕೆ ಇವರು ನಿಜ ಹೇಳಿದರಂತೆ. ಮಂಚೇನಹಳ್ಳಿಯಿಂದ ಆಚೆ ಅವರ ಸುತ್ತ ಮೂರು ಸೀಟು ಖಾಲಿ.

ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದೆ. ಹಳೆಯ ಕಡ್ಡಿಯವು ಖಾಲಿ. ಹೊಸ ಕಡ್ಡಿಯವು, ಇಬ್ಬರು ಮಕ್ಕಳದೂ, ಕೆನೆಯ ಚುಕ್ಕೆಗಳಿಂದ ತುಂಬಿದ್ದವು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ಬೆಂಕಿಪೆಟ್ಟಿಗೆ ಚೆಲ್ಲಿದಂತೆ ಅಡ್ಡಾದಿಡ್ಡಿ ಬಿದ್ದ ಪುಟ್ಟ ಪುಟ್ಟ ಕಡ್ಡಿಗಳು. ಅದೇ. ನಾನು ಕುರ್ಚಿಯಿಂದ ಎದ್ದು ಕುಣಿದೆ. ನಾರಾಯಣಪ್ಪ ಹೊಟ್ಟೆ ಹಿಡಿದು ನಕ್ಕರು. ಡಾಕ್ಟರು ಮೇಜು ಬಡಿದ ರಭಸಕ್ಕೆ ಒಂದು ಕೊಳವೆ ಉರುಳಿತು. ಹಿಡಿದುಕೊಂಡು ನೋಡಿದರೆ ಅದರಲ್ಲೂ ಕೆನೆಯ ಚುಕ್ಕೆಗಳು. ಅದು ಆರೋಗ್ಯವಂತರ ಸಾಲಿನದು.

"ಇದು ಯಾರ್ದಮ್ಮ?" ಎಂದರು ಡಾಕ್ಟರು.

ಕೊಳವೆ ತಿರುಗಿಸಿದೆ. ಗುರುತಿಗೆ ಅಂಟಿಸಿದ್ದ ಪ್ಲಾಸ್ಟರಿನ ಮೇಲೆ ನನ್ನ ಕೈಬರಹದಲ್ಲಿ ನನ್ನದೇ ಹೆಸರು.

ಹೀಗೆ, ನಾವು ಕಟ್ಟಿದ ಕಡ್ಡಿ ಮೊದಲು ಹಿಡಿದುಕೊಟ್ಟ ಗುಪ್ತ ಸೋಂಕು ನನ್ನದು. ಜ್ವರವಿಲ್ಲ, ನೋವಿಲ್ಲ, ಗಂಟಲು ತಿಳಿಯಾಗಿದೆ, ಒಳಗೆ ಕ್ರಿಮಿ ಸಂಸಾರ ಹೂಡಿದೆ. ಅದು ವಿಷ ಕಾರುವ ಜಾತಿಯೋ ಅಲ್ಲವೋ ಎಂದು ತಿಳಿಯುವ ಸೌಕರ್ಯ ನಮ್ಮಲ್ಲಿರಲಿಲ್ಲ. ಕಾರುತ್ತದೆ ಎಂದೇ ಎಣಿಸಬೇಕು ಎಂದರು ಡಾಕ್ಟರು. ಅರ್ಧ ಗಂಟೆಯೊಳಗೆ ನಾನು ಕಾಂಪೌಂಡಿನ ಮೂಲೆಯ ಒಂಟಿ ಕೋಣೆಯಲ್ಲಿದ್ದೆ. ಪೆನಿಸಿಲಿನ್ ಸೂಜಿ ಶುರುವಾಯಿತು, ಕೂರಲು ಒಂದೊಂದು ದಿನ ಒಂದೊಂದು ಮಗ್ಗುಲು ಹುಡುಕಬೇಕಿತ್ತು. ಒಂದರ ಹಿಂದೆ ಒಂದು ಮೂರು ಸಲ ಗಂಟಲು ಶುದ್ಧವಾಗಿದೆ ಎಂದು ಬಂದರೆ ಬಿಡುಗಡೆ. ನಡುವೆ ಒಮ್ಮೆ ಬೆಳೆದರೂ ಲೆಕ್ಕ ಮೊದಲಿನಿಂದ.

ತಮಾಷೆಯ ಮೇಲೆ ತಮಾಷೆ ಎಂದರೆ, ನನ್ನ ಮದುವೆ ಗೊತ್ತಾಗಿತ್ತು. ಹುಡುಗ ಕೃಷ್ಣಮೂರ್ತಿ, ಚಿಂತಾಮಣಿಯಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಹೆಣ್ಣು ನೋಡಲು ಬಂದಾಗ ನಾನು ತಲೆ ಎತ್ತಿರಲಿಲ್ಲ, ಅವರ ಪಾದ ಮಾತ್ರ ಪರಿಚಯ. ಲಗ್ನಕ್ಕೆ ದಿನ ಹತ್ತಿರವಾಗುತ್ತಿತ್ತು. ಮೊದಲ ಕೊಳವೆ ಶುದ್ಧ ಬಂತು. ಎರಡನೆಯದರಲ್ಲಿ ಮತ್ತೆ ಕೆನೆಚುಕ್ಕೆ. ಅಪ್ಪ ಕಿಟಕಿಯ ಆಚೆ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತರು. ಗಂಟಲುಮಾರಿ ಹುಡುಗಿ ನಮಗೆ ಬೇಕೇ ಎಂದು ಹುಡುಗನ ತಾಯಿ ಯೋಚನೆ ಮಾಡುತ್ತಿದ್ದಾರೆ ಎಂಬ ಸುದ್ದಿ ಅಪ್ಪನ ಕಿವಿಗೆ ಬಿದ್ದಿತ್ತು.

ಆ ಮಧ್ಯಾಹ್ನ ನಾರಾಯಣಪ್ಪ ಬಂದು, ಅತ್ತಿತ್ತ ನೋಡಿ, ಕಿಟಕಿಯಿಂದ ದೂರದಲ್ಲೇ ನಿಂತು ಹೇಳಿದರು: "ಏಮ್ಮಾ, ನಾನೊಂದು ಮಾತು ಹೇಳ್ತೀನಿ. ಹಳೇ ಪೊರಕೆ ಕಡ್ಡಿ ಇನ್ನೂ ಐತೆ. ಅದ್ರಲ್ಲಿ ತೆಗ್ದು ಬಿಡಣ. ಮೂರಕ್ಕೆ ಮೂರೂ ಚೆನ್ನಾಗೇ ಬರ್ತದೆ. ಮದ್ವೆ ಮುಗಿಸ್ಕೊಂಡು ಬಂದ್ಮೇಲೆ ಉಳಿದ ಸೂಜಿ ಹಾಕ್ಸಣ."

ಅವರದು ಪ್ರೀತಿಯ ಮಾತು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಆಸೆಯಾಯಿತು. ಆದರೆ ಮದುವೆಮನೆ ಎಂದರೆ ಮಕ್ಕಳು. ಮಡಿಲಲ್ಲಿ, ಕಾಲಡಿಯಲ್ಲಿ, ಊಟದ ಎಲೆಯ ಮುಂದೆ. ಗಾಡಿಯಲ್ಲಿ ಬಂದಿದ್ದ ಆ ಮಗುವಿನ ಉಸಿರಿನ ಸದ್ದು ನನಗೆ ಇನ್ನೂ ಕೇಳುತ್ತಿತ್ತು. "ಬೇಡ ನಾರಾಯಣಪ್ಪನೋರೆ," ಎಂದೆ. "ಹೊಸದರಲ್ಲೇ ತೆಗೀರಿ. ಎಷ್ಟು ಸಲ ಆದ್ರೂ ಸರಿ." ಅವರು ಹೊಸ ಕಡ್ಡಿ ತರಲು ಹೋದರು.

ಎರಡು ದಿನ ಕಳೆದು ಚಿಂತಾಮಣಿಯ ರೈಲಿನಲ್ಲಿ ಕೃಷ್ಣಮೂರ್ತಿಯೇ ಬಂದರು. ಬೇವಿನ ಮರದ ಕೆಳಗೆ ಕೊಡೆ ಹಿಡಿದು ನಿಂತು ಡಾಕ್ಟರ ಹತ್ತಿರ ಕ್ರಿಮಿಯ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಡಾಕ್ಟರು ಎಲ್ಲಕ್ಕೂ ಉತ್ತರಿಸಿ, ಹೆಣ್ಣು ನೋಡಲು ಹೋದಾಗ ಅವಳು ಕೊಟ್ಟ ಕಾಫಿ ಕುಡಿದಿದ್ದೀರಿ, ಆದ್ದರಿಂದ ನಿಮ್ಮ ಗಂಟಲೂ ನೋಡಬೇಕು ಎಂದರು. ಮೇಷ್ಟ್ರು ಒಂದು ಕ್ಷಣ ನನ್ನ ಕಿಟಕಿಯ ಕಡೆ ನೋಡಿ, ಕೊಡೆ ಮಡಚಿಟ್ಟು, ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಬಾಯಿ ತೆರೆದರು. ಡಾಕ್ಟರ ಕೈ ಯಾವಾಗಲೂ ಅವಸರದ್ದು. ನನಗೆ ಕಿಟಕಿಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ತಡೆಯಲಾಗಲಿಲ್ಲ.

"ಸಾರ್, ಬಲಗಡೆ ಟಾನ್ಸಿಲ್ ಬಿಟ್ಟುಹೋಯ್ತು," ಎಂದು ಕೂಗಿದೆ. "ನಾಲಿಗೆ ಇನ್ನೂ ಒತ್ತಬೇಕು."

ಇನ್ನೊಮ್ಮೆ ಒತ್ತಿದರು. ನನ್ನ ಗಂಡನಾಗುವವರ ಮುಖವನ್ನು ನಾನು ಮೊದಲ ಸಲ ಪೂರ್ತಿ ನೋಡಿದ್ದು ಆಗಲೇ. ಕೆಂಪು ಮುಖ, ಕಣ್ಣಲ್ಲಿ ನೀರು, ಕಿರುನಾಲಿಗೆಯವರೆಗೆ ತೆರೆದ ಬಾಯಿ. ಉಸಿರು ಸರಿಹೋದ ಮೇಲೆ ಅವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿ ಹೇಳಿದರು: "ಲಗ್ನ ಮುಂದಕ್ಕೆ ಹಾಕಬಹುದು. ನೀವು ಅವಸರ ಮಾಡ್ಕೋಬೇಡಿ. ಅಮ್ಮನೂ ಅವತ್ತು ಕಾಫಿ ಕುಡಿದಿದ್ರು. ಕರ್ಕೊಂಡು ಬರ್ತೀನಿ."

ನಿಜವಾಗಿ ಕರೆತಂದರು. ಆ ತಾಯಿ ನನ್ನ ಕಿಟಕಿಯ ಕಡೆ ಒಮ್ಮೆಯೂ ನೋಡದೆ ಬೆಂಚಿನ ಮೇಲೆ ಕುಳಿತರು. ಡಾಕ್ಟರು ಕಡ್ಡಿ ಎತ್ತಿದಾಗ ತಡೆದು, ಅದರ ಕುತ್ತಿಗೆಯ ಹೊನ್ನಿನ ಸುತ್ತನ್ನು ಹತ್ತಿರದಿಂದ ನೋಡಿದರು. ಇದೇನು, ರೇಷ್ಮೆಯೇ ಎಂದು ಕೇಳಿದರು. ಶಿಡ್ಲಘಟ್ಟದ ಹಸಿ ರೇಷ್ಮೆ, ಹಾಕಿದ್ದು ನಿಮ್ಮ ಸೊಸೆಯಾಗುವವಳ ಕೈ ಎಂದರು ಡಾಕ್ಟರು.

"ರೇಷ್ಮೆ ಆದ್ರೆ ಮಡಿ," ಎಂದರು ಆಕೆ. "ಬಾಯಿಗೆ ಹಾಕ್ಬೋದು."

ತಾಯಿ, ಮಗ ಇಬ್ಬರ ಗಂಟಲೂ ಶುದ್ಧ ಬಂತು. ಹೊರಡುವ ಮೊದಲು ಆಕೆ ಮಾವಿನ ಹಣ್ಣಿನ ಬುಟ್ಟಿಯೊಂದನ್ನು ನನ್ನ ಹೊಸ್ತಿಲಿಗೆ ಸ್ವಲ್ಪ ದೂರದಲ್ಲಿ ಇಡಿಸಿ ಹೋದರು. ನಾನು ಒಳಗೆ ಒಬ್ಬಳೇ ಕುಳಿತು, ಯಾವ ಮಗ್ಗುಲೂ ನೆಮ್ಮದಿಯಿಲ್ಲದೆ, ಮೊಣಕೈವರೆಗೆ ರಸ ಸುರಿಸಿಕೊಂಡು ಅವನ್ನು ತಿಂದೆ.

ಒಂದಾಯಿತು, ಎರಡಾಯಿತು, ಮೂರನೆಯ ಕೊಳವೆಯೂ ಖಾಲಿಯಾಗಿ ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬಾಗಿಲು ತಾವೇ ತೆರೆದರು. ನಮ್ಮ ಕಡ್ಡಿ ಆಮೇಲೆ ಅರವತ್ತರ ದಶಕದುದ್ದಕ್ಕೂ ಸುತ್ತಿನ ಊರುಗಳಲ್ಲಿ ಓಡಾಡಿತು. ಗಂಟಲುಮಾರಿಯ ಮನೆಗಳಲ್ಲಿ ಆರೋಗ್ಯವಾಗಿ ಕಾಣುವ ಅಣ್ಣ ತಂಗಿಯರಲ್ಲಿ ಅಡಗಿದ್ದ ಕ್ರಿಮಿಯನ್ನು ಮೊದಲೇ ಹಿಡಿದು ಕೊಟ್ಟಿತು. ನಂತರ ಕಂಪನಿಯ ಸ್ವಾಬುಗಳು ಬಂದವು, ನಮ್ಮದಕ್ಕಿಂತ ಒಳ್ಳೆಯವು. ನಾನು ಸಂತೋಷದಿಂದ ಬಿದಿರು ಸೀಳುವುದು ಬಿಟ್ಟೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಕೊಳವೆ ಖಾಲಿ ಬಂದರೆ ಗಂಟಲನ್ನು ನಂಬುವ ಮೊದಲು ಕಡ್ಡಿಯನ್ನು ಅನುಮಾನಿಸಿ.

ಮುಂದಕ್ಕೆ ಹಾಕಿದ್ದ ಮದುವೆ, ನನ್ನ ಬಿಡುಗಡೆಯಾದ ಕೆಲವು ತಿಂಗಳಿಗೆ, ಮಂಚೇನಹಳ್ಳಿಯ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ಸತ್ತಾರ್ ಸಾಹೇಬರು ಬಂದಿದ್ದರು, ಡಾಕ್ಟರು ಬಂದಿದ್ದರು. ನಾರಾಯಣಪ್ಪ ತಮ್ಮ ಹಳ್ಳಿಗಳಿಂದ ಗಾಡಿ ತುಂಬ ಮಕ್ಕಳನ್ನು ಕರೆತಂದಿದ್ದರು. ಧಾರೆ ಆಗುವ ಮುಂಚೆ ಆ ಮಕ್ಕಳು ಮದುಮಗಳನ್ನು ನೋಡಲು ಹಸೆಯ ಹತ್ತಿರ ಸಾಲಾಗಿ ಬಂದರು. ಆ ಕೆಲವು ತಿಂಗಳಲ್ಲಿ ನಾನೂ ನಾರಾಯಣಪ್ಪನವರ ಜೊತೆ ಅವರ ಹಳ್ಳಿಗಳಿಗೆ ಗಂಟಲು ಸವರಲು ಹೋಗಿದ್ದೆ, ಅವರಲ್ಲಿ ಅನೇಕರಿಗೆ ನಾನು ಗೊತ್ತಿದ್ದದ್ದು ಆ ಒಂದೇ ರೀತಿಯಲ್ಲಿ. ಮೊದಲು ನಿಂತಿದ್ದ ಪುಟ್ಟ ಹುಡುಗಿ ನನ್ನ ಮುಖ ನೋಡಿದವಳೇ, ಯಾರೂ ಹೇಳದೆ, ತಲೆ ಹಿಂದಕ್ಕೆ ಬಾಗಿಸಿ "ಆ" ಎಂದು ಬಾಯಿ ತೆರೆದಳು. ಅವಳ ಹಿಂದಿನವನೂ ತೆರೆದ. ಸಾಲಿಗೆ ಸಾಲೇ ಬಾಯಿ ತೆರೆದು ನಿಂತಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ನನ್ನ ಗಂಡನಾಗುವವರು, "ನೋಡಿ, ಪರವಾಗಿಲ್ಲ," ಎಂದು ಮೆಲ್ಲಗೆ ಹೇಳಿ, ನನ್ನ ಬಾಸಿಂಗ ಅಡ್ಡ ಬಾರದಂತೆ ಪಕ್ಕಕ್ಕೆ ಹಿಡಿದುಕೊಂಡರು. ನಾನು ಬಗ್ಗಿ, ಬೆಳಕಿನ ಕಡೆ ಒಂದೊಂದೇ ಗಲ್ಲ ತಿರುಗಿಸಿ, ಒಂದೊಂದೇ ಗಂಟಲು ನೋಡಿದೆ. ಎಲ್ಲವೂ ತಿಳಿ ಗುಲಾಬಿ ಬಣ್ಣ, ಒಂದರಲ್ಲೂ ಪೊರೆಯಿಲ್ಲ. "ಚೆನ್ನಾಗಿದೆ, ಮುಂದುವರಿಸಿ," ಎಂದು ನಾನು ಪುರೋಹಿತರಿಗೆ ಹೇಳಿದೆ. ವಾಲಗ ಶುರುವಾಯಿತು.